ಅರ್ಧ ಇಂಚು ಮಾರ್ಜಿನ್ನಿನ ಶುಂಠಿ ಕೋಟು

ಒಂಬತ್ತು ವರ್ಷಗಳಿಂದ ಟೈಲರಮ್ಮನ ಪಾಲಿಗೆ ಕ್ರಿಸ್ಮಸ್ ಎಂದರೆ ರಿಬ್ಬನ್ನು. ಜಾಮಿನ ಬಾಟಲಿಗೆ ಬಟ್ಟೆಯ ಟೋಪಿ, ಬುಟ್ಟಿಗೆ ಅಂಚು, ಹಿಡಿಕೆಗೆ ಗಂಟು. ಗಂಟು ಕಟ್ಟಿಕಟ್ಟಿ ಅವಳ ಮುಖವೇ ಗಂಟಾಗಿತ್ತು.

ಅವಳಿದ್ದ ಕಟ್ಟಡದ ಮನೆಗಳವರು ಸೇರಿ ಪ್ರತಿ ವರ್ಷ ಇಪ್ಪತ್ತನಾಲ್ಕು ಬುಟ್ಟಿ ತುಂಬುತ್ತಿದ್ದರು. ಹಬ್ಬದ ದಿನವೂ ಡ್ಯೂಟಿ ತಪ್ಪದವರಿಗೆ: ಅಗ್ನಿಶಾಮಕದವರು, ಆಸ್ಪತ್ರೆಯ ವಾರ್ಡಿನವರು, ರೈಲಿನ ಸಿಗ್ನಲ್ ಕ್ಯಾಬಿನ್ನಿನವರು. ಬುಟ್ಟಿಯೊಳಗೆ ಅಂಗಡಿಯದು ಏನೂ ಇರಕೂಡದು, ಎಲ್ಲ ಮನೆಯಲ್ಲೇ ಮಾಡಿದ್ದು. ಈ ಕೆಲಸಕ್ಕೆಲ್ಲ ಯಜಮಾನಿಕೆ ಟೈಲರಮ್ಮನ ಗಂಡನ ಅಕ್ಕನದು. ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರು ಶಾಲೆಯಿಂದ ನಿವೃತ್ತರಾಗಿದ್ದರೂ ಶಾಲೆ ಅವರಿಂದ ನಿವೃತ್ತವಾಗಿರಲಿಲ್ಲ. ಲಿಫ್ಟಿನಲ್ಲಿ ಹೋಗುವವರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದರು. ಕಟ್ಟಡಕ್ಕೆಲ್ಲ ಅವರು ಹೆಡ್ ಮೇಡಂ. ಟೈಲರಮ್ಮನಿಗೆ ಮಾತ್ರ ಅತ್ತಿಗೆ.

ಪ್ರತಿ ಬುಟ್ಟಿಯಲ್ಲೂ ಹೆಡ್ ಮೇಡಂ ಕೈಯಾರೆ ಬರೆದ ಒಂದು ಕಾರ್ಡು ಇರುತ್ತಿತ್ತು. ಕಿತ್ತಳೆ ಜಾಮ್: ಕೆಳಮನೆ ನರ್ಸ್. ಚಾಕೊಲೇಟ್ ಉಂಡೆ: ಹೆಡ್ ಮೇಡಂ. ಹುರಿದ ಬಾದಾಮಿ: ಮೇಲ್ಮನೆ ಗುಮಾಸ್ತರು. ಆಮೇಲೆ ಒಂದು ಗೆರೆ. ಗೆರೆಯ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ, ರಿಬ್ಬನ್, ಬಟ್ಟೆ: ಟೈಲರ್. ಓದುವವರ ಕಣ್ಣು ಅಲ್ಲಿಯವರೆಗೆ ಇಳಿಯುವಷ್ಟರಲ್ಲಿ ಅವರ ಬೆರಳು ಜಾಮಿಗೆ ಇಳಿದಿರುತ್ತಿತ್ತು.

ಆ ಗೆರೆಯನ್ನು ದಾಟಬೇಕು ಎಂಬುದೇ ಟೈಲರಮ್ಮನ ಆಸೆ. ಈ ಸಲದ ಮೊದಲ ಸಭೆಯಲ್ಲಿ ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ಅತ್ತಿಗೆ, ಈ ಸಲ ನಾನೂ ಒಂದು ತಿಂಡಿ ಮಾಡ್ತೀನಿ. ಶುಂಠಿ ಬಿಸ್ಕತ್ತು."

ಹೆಡ್ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ನೋಡಮ್ಮ, ಕತ್ತರಿ ಹಿಡಿಯೋ ಕೈ ಬೇರೆ, ಸೌಟು ಹಿಡಿಯೋ ಕೈ ಬೇರೆ."

"ನನಗಿರೋದು ಎರಡೇ ಕೈ ಅತ್ತಿಗೆ. ಎರಡೂ ಕೆಲಸ ಅವೇ ಮಾಡ್ತಿವೆ. ನಿಮ್ಮ ತಮ್ಮನ್ನ ನೋಡಿ, ಸೊರಗಿದಾರಾ?"

ತಮ್ಮ ಮೂಲೆಯಲ್ಲಿ ಹೊಟ್ಟೆ ಸವರಿಕೊಂಡು ಸಾಕ್ಷಿ ನುಡಿದ. ಕೆಳಮನೆ ನರ್ಸ್ ಕಿಸಕ್ಕನೆ ನಕ್ಕಳು.

"ಆಯ್ತು," ಎಂದರು ಹೆಡ್ ಮೇಡಂ. "ಆದ್ರೆ ಇಪ್ಪತ್ತನಾಲ್ಕು ಡಬ್ಬಿ, ಇಪ್ಪತ್ತನಾಲ್ಕನೇ ತಾರೀಕು, ಮಧ್ಯಾಹ್ನ ಮೂರು ಗಂಟೆ. ನಾಲ್ಕಕ್ಕೆ ವ್ಯಾನ್ ಬರುತ್ತೆ. ಮುಚ್ಚಳ ಮುಚ್ಚಬೇಕು, ಒಂದೂ ಮುರಿದಿರಬಾರದು. ಇಲ್ಲಾಂದ್ರೆ ಅಂಗಡಿ ಬಿಸ್ಕತ್ತು ಇಡ್ತೀನಿ. ನಿಯಮ ಮುರಿದ ಪಾಪ ನಿನ್ನ ತಲೆ ಮೇಲೆ. ನೀನು ಮತ್ತೆ ರಿಬ್ಬನ್ನಿಗೆ."

ಟೈಲರಮ್ಮ ಒಪ್ಪಿಕೊಂಡಳು. ಸಾಮಾನ್ಯ ಬಿಸ್ಕತ್ತಾದರೆ ಅವಳ ಮರ್ಯಾದೆಗೆ ಸಾಲದು. ಡಬ್ಬಿಗೊಂದು ಕೋಟು ಎಂದು ನಿಶ್ಚಯಿಸಿದಳು. ಅಂಗೈಗಿಂತ ದೊಡ್ಡ ಶುಂಠಿಯ ಕೋಟು, ಅದಕ್ಕೆ ಕಾಲರು, ಜೇಬು, ಸಕ್ಕರೆ ಪಾಕದ ಮೂರು ಬಿಳಿ ಗುಂಡಿ. ಡಬ್ಬಿಯ ಒಳಗನ್ನು ಟೇಪಿನಲ್ಲಿ ಅಳೆದಳು: ಏಳು ಇಂಚು ಅಗಲ, ಆರು ಇಂಚು ಉದ್ದ. ಕಂದು ಕಾಗದದ ಮೇಲೆ ಕೋಟಿನ ನಕ್ಷೆ ಬರೆದಳು. ತೋಳಿನಿಂದ ತೋಳಿಗೆ ಆರೂವರೆ, ಕಾಲರಿನಿಂದ ಕೆಳಗೆ ಐದೂವರೆ. ಡಬ್ಬಿಗೆ ಹೇಳಿ ಹೊಲಿಸಿದಂತಿತ್ತು.

ಇಪ್ಪತ್ತನಾಲ್ಕರ ಬೆಳಿಗ್ಗೆ ಹೊಲಿಗೆ ಮೇಜಿನ ಮೇಲಿದ್ದ ಮೆಷಿನ್ನು ಕೆಳಗಿಳಿಯಿತು. ಮೇಜನ್ನು ಉಜ್ಜಿ ತೊಳೆದು, ಒರೆಸಿ, ಹಿಟ್ಟು ಉದುರಿಸಿದ್ದಾಯಿತು. ಬೆಣ್ಣೆ, ಜೇನು, ಕಂದು ಸಕ್ಕರೆ, ಶುಂಠಿ, ಚಕ್ಕೆ, ಲವಂಗ ಸೇರಿ ಕಣಕ ಸಿದ್ಧವಾಯಿತು. ಲಟ್ಟಿಸಿ ಹಾಸಿದ ಕಣಕದ ಮೇಲೆ ಕಾಗದದ ನಕ್ಷೆ ಇಟ್ಟು ಚಾಕುವಿನಿಂದ ಕತ್ತರಿಸುತ್ತಾ ಹೋದಳು. ಬಾಯಲ್ಲಿ ಹಾಡು, ಕೈಯಲ್ಲಿ ಓಟ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈಗೆ ಕಣಕ ಯಾವ ಲೆಕ್ಕ? ಹನ್ನೆರಡು ಗಂಟೆಯ ಹೊತ್ತಿಗೆ ಇಪ್ಪತ್ತಾರು ಕೋಟು ಬೆಂದಿದ್ದವು. ಎರಡು ಹೆಚ್ಚಿಗೆ, ಯಾವುದಕ್ಕೂ ಇರಲಿ ಎಂದು. ಮನೆಯಲ್ಲೆಲ್ಲ ಶುಂಠಿಯ ಘಮ.

ಗಂಡ ಬಂದ. ಅವನು ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್. ಊರಿಗೆಲ್ಲ ಅವನ ಗಂಟಲು ಗೊತ್ತು, ಮುಖ ಗೊತ್ತಿಲ್ಲ. ಮನೆಗೆ ಬಂದರೂ ಮೈಕು ಬಿಟ್ಟವನಲ್ಲ. ಮೂಗಿನಲ್ಲಿ ಸ್ವರ ಎಳೆದು ಶುರು ಮಾಡಿದ: "ಪ್ರಯಾಣಿಕರ ಗಮನಕ್ಕೆ. ಶುಂಠಿ ಎಕ್ಸ್‌ಪ್ರೆಸ್ ಒಂದನೇ ಪ್ಲಾಟ್‌ಫಾರಂಗೆ ಬಂದು ನಿಂತಿದೆ. ಇದು ಇಲ್ಲಿಂದ ನೇರವಾಗಿ ಹೊಟ್ಟೆಗೆ..." ಹೇಳುತ್ತಲೇ ಒಂದು ಕೋಟಿನ ತೋಳು ಮುರಿದು ಬಾಯಿಗೆ ಹಾಕಿಕೊಂಡ.

"ರೀ! ಲೆಕ್ಕದ್ದು ಅದು!"

"ಟ್ರಯಲ್ ನೋಡದೆ ಯಾವ ಕೋಟು ಡೆಲಿವರಿ ಕೊಡ್ತಾರೆ ಕಣೇ?" ಎಂದು ಇನ್ನೊಂದು ತೋಳನ್ನೂ ಮುಗಿಸಿದ. ರುಚಿಗೆ ಕಣ್ಣು ಅರ್ಧ ಮುಚ್ಚಿತು. ಪ್ರಾಯಶ್ಚಿತ್ತವಾಗಿ ಸಹಾಯಕ್ಕೆ ನಿಂತು, ಒಂದು ಕೋಟನ್ನು ಎತ್ತಿ ಡಬ್ಬಿಗೆ ಇಳಿಸಹೋದ. ಇಳಿಯಲಿಲ್ಲ. ತಿರುಗಿಸಿದ. ಓರೆ ಮಾಡಿದ. ತೋಳುಗಳು ಡಬ್ಬಿಯ ಅಂಚಿನ ಮೇಲೆ ಕೂತು, ಪಾಪದ ಮನುಷ್ಯ ಬಾವಿಯ ಕಟ್ಟೆ ಹಿಡಿದು ನೇತಾಡುವಂತೆ ನೇತಾಡಿದವು.

"ಲೇ, ಇದು ಯಾವ ಪೈಲ್ವಾನನ ಅಳತೆ?"

ಟೈಲರಮ್ಮ ಟೇಪು ಹಿಡಿದಳು. ಏಳೂವರೆ. ಉದ್ದ ಆರೂವರೆ. ಕಾಗದದ ನಕ್ಷೆಯನ್ನು ಬಿಸ್ಕತ್ತಿನ ಮೇಲಿಟ್ಟು ನೋಡಿದಳು. ಸುತ್ತಲೂ, ಗೆರೆ ಎಳೆದಂತೆ, ಸರಿಯಾಗಿ ಅರ್ಧ ಇಂಚು ಹೊರಗೆ ಉಳಿದಿತ್ತು.

ಮಾರ್ಜಿನ್ನು! ಹೊಲಿಗೆಗೆಂದು ನಕ್ಷೆಯ ಸುತ್ತ ಅರ್ಧ ಇಂಚು ಬಟ್ಟೆ ಬಿಟ್ಟು ಕತ್ತರಿಸುವುದು ಟೈಲರಿನ ಮೊದಲ ಪಾಠ. ಮೂವತ್ತು ವರ್ಷದಲ್ಲಿ ಒಂದು ದಿನವೂ ಮರೆತಿರಲಿಲ್ಲ. ಇವತ್ತೂ ಮರೆತಿರಲಿಲ್ಲ. ತಲೆಯನ್ನು ಕೇಳದೆ ಕೈ ತಾನೇ ಬಿಟ್ಟುಕೊಂಡು ಹೋಗಿತ್ತು, ಇಪ್ಪತ್ತಾರು ಸಲ.

"ಬಿಸ್ಕತ್ತಿಗೆ ಯಾರಾದ್ರೂ ಹೊಲಿಗೆ ಹಾಕ್ತಾರೇನೇ?" ಎಂದ ಗಂಡ. ಅವಳ ಮುಖ ನೋಡಿ ನಗುವನ್ನು ಅರ್ಧಕ್ಕೇ ನುಂಗಿದ.

"ಅಳತೆ ನನ್ನ ಕಸುಬು. ಅಳತೆಯಲ್ಲೇ ತಪ್ಪಿದೆ ಅಂದ್ರೆ ಅತ್ತಿಗೆ ಇನ್ನು ರಿಬ್ಬನ್ನೂ ಕೊಡಲ್ಲ."

"ಅಳಬೇಡ್ವೇ. ಅಳೋಕೂ ಒಂದು ಅಳತೆ ಬೇಕು."

ಹೊಸ ಕಣಕ ಮಾಡೋಣವೆಂದರೆ ಬೆಣ್ಣೆ ಮುಗಿದಿತ್ತು, ಹೊತ್ತೂ ಇರಲಿಲ್ಲ. ಸುತ್ತ ಕತ್ತರಿಸಿಬಿಡೋಣ ಎಂದು ಒಂದು ಕೋಟಿನ ಅಂಚಿಗೆ ಚಾಕು ಒತ್ತಿದಳು. ಪಟ್! ಕೋಟು ಮೂರು ಹೋಳು. ಒಂದು ಗಂಡನ ಹೊಟ್ಟೆಗೆ ಹೋಯಿತು, ಒಂದು ಚಾಕುವಿಗೆ. ಉಳಿದಿದ್ದು ಸರಿಯಾಗಿ ಇಪ್ಪತ್ತನಾಲ್ಕು. ಇನ್ನು ಒಂದೂ ಮುರಿಯುವಂತಿಲ್ಲ.

ಒಲೆಯಿಂದ ಕೊನೆಗೆ ತೆಗೆದ ತಟ್ಟೆ ಇನ್ನೂ ಬೆಚ್ಚಗಿತ್ತು. ಟೈಲರಮ್ಮ ಅಭ್ಯಾಸಬಲದಿಂದ ಒಂದು ಕೋಟಿನ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ನೋಡಿದಳು, ಅಂಗಡಿಯಲ್ಲಿ ಬಟ್ಟೆ ಹಿಡಿದು ನೋಡುವ ಹಾಗೆ. ಅದು ಬಗ್ಗಿತು! ತಣ್ಣಗಾಗಿದ್ದ ತಟ್ಟೆಯದನ್ನು ಮುಟ್ಟಿದಳು; ಹಲಗೆ. ಮತ್ತೆ ಬೆಚ್ಚಗಿನದು, ದಪ್ಪ ಉಣ್ಣೆಬಟ್ಟೆ.

"ರೀ, ಕಾಲರ್ ಒಳಗೆ ಕ್ಯಾನ್ವಾಸ್ ಅಂಟಿಸ್ತೀನಲ್ಲ, ಅದೂ ಹೀಗೇ. ಇಸ್ತ್ರಿ ಬಿಸಿ ತಾಗಿದಾಗ ಮೆತ್ತಗೆ, ಆರಿದ ಮೇಲೆ ಗಟ್ಟಿ. ಮತ್ತೆ ಬಿಸಿ ಮಾಡಿದ್ರೆ ಮತ್ತೆ ಮೆತ್ತಗೆ."

"ಅದಕ್ಕೇ ಅದರ ಹೆಸರು ಬಿಸಿ-ಕತ್ತು," ಎಂದ ಗಂಡ. "ಬಿಸಿಯಾದ್ರೆ ಮಾತ್ರ ಕತ್ತು ಬಗ್ಗಿಸುತ್ತೆ."

"ಮಾತು ಸಾಕು, ಒಲೆ ಹಚ್ಚಿ. ನಾಲ್ಕು ನಾಲ್ಕೇ ಇಡಿ, ನಾಲ್ಕೇ ನಿಮಿಷ."

ರೇಷ್ಮೆಗೆಂದು ಎತ್ತಿಟ್ಟಿದ್ದ ಹೊಸ ಕತ್ತರಿ ಹೊರಬಂತು. ಅಂಚು ಅಂಕುಡೊಂಕಾಗಿ ಹಲ್ಲು ಹಲ್ಲಾಗಿ ಬೀಳುವ ಕತ್ತರಿ ಅದು. ಕುದಿಯುವ ನೀರಿಗೆ ಹಾಕಿ ತೆಗೆದು, ಒರೆಸಿ, ಬಟ್ಟಲಿನ ತಳಕ್ಕೆ ಅಂಟಿ ಉಳಿದಿದ್ದ ಬೆಣ್ಣೆಯ ಪಸೆಯನ್ನು ಬ್ಲೇಡಿಗೆ ಸವರಿದಳು. ಮೊದಲ ಬಿಸಿ ಕೋಟಿನ ಮೇಲೆ ಕಾಗದ ಇಟ್ಟಳು. ಉಸಿರು ಹಿಡಿದಳು. ಗಂಡನೂ ಹಿಡಿದ. ಅವನ ಕಸುಬಿಗೆ ಅದು ಇನ್ನೂ ಕಷ್ಟ.

ಕರ್... ಕರ್... ಕರ್...

ಅರ್ಧ ಇಂಚಿನ ಪಟ್ಟಿ ಬಳ್ಳಿಯಂತೆ ಕಳಚಿಕೊಂಡು ಬಂತು. ಒಳಗಿನಿಂದ ಹುಟ್ಟಿ ಬಂದ ಕೋಟಿನ ಅಂಚಿನ ತುಂಬ ಪುಟ್ಟ ಪುಟ್ಟ ಹಲ್ಲು. ಯಾವ ಬೇಕರಿಯ ಅಚ್ಚಿನಲ್ಲೂ ಅಂಥದ್ದು ಬೀಳುವುದಿಲ್ಲ. ಎತ್ತಿ ಡಬ್ಬಿಗೆ ಇಳಿಸಿದಳು. ಹೊಸ ಅಳಿಯ ಸೋಫಾದಲ್ಲಿ ಕೂತ ಹಾಗೆ ಕೂತಿತು.

"ಆಲ್ಟರೇಷನ್ ಯಶಸ್ವಿ!" ಎಂದು ಗಂಡ ಅನೌನ್ಸ್ ಮಾಡಿದ. ಆಮೇಲೆ ಓಟವೇ ಓಟ. ಅವನು ತಟ್ಟೆ ಬದಲಿಸಿದ, ಅವಳು ಕತ್ತರಿಸಿದಳು. ಬೆರಳು ಸುಟ್ಟವು, ಊದಿಕೊಂಡಳು, ಮತ್ತೆ ಕತ್ತರಿಸಿದಳು. ಕತ್ತರಿಸಿದ ಪಟ್ಟಿಗಳನ್ನು ಚೆಲ್ಲುವುದು ಅವಳ ಜಾಯಮಾನವಲ್ಲ, ಚೂರುಬಟ್ಟೆಯನ್ನೇ ಎಸೆದವಳಲ್ಲ. ಬಿಸಿಯಿರುವಾಗಲೇ ಸಕ್ಕರೆ, ಚಕ್ಕೆಪುಡಿಯಲ್ಲಿ ಹೊರಳಿಸಿ ಒಂದು ಬೋಗುಣಿಗೆ ಹಾಕುತ್ತಾ ಹೋದಳು. ಎರಡೂಮುಕ್ಕಾಲಿಗೆ ಕೊನೆಯ ಕೋಟಿಗೆ ಕೊನೆಯ ಗುಂಡಿ ಬಿತ್ತು.

ಮೂರಕ್ಕೆ ಸರಿಯಾಗಿ ಹೆಡ್ ಮೇಡಂ ಒಳಬಂದರು. ಒಂದು ಕೈಯಲ್ಲಿ ಕಾರ್ಡುಗಳು, ಇನ್ನೊಂದರಲ್ಲಿ ಅಂಗಡಿ ಬಿಸ್ಕತ್ತು ತುಂಬಿದ ಚೀಲ. ಹಿಂದೆ ಕೆಳಮನೆ ನರ್ಸ್. ಪರೀಕ್ಷೆ ಶುರುವಾಯಿತು. ಒಂದೊಂದೇ ಡಬ್ಬಿ ತೆರೆದು, ನೋಡಿ, ಮುಚ್ಚಿದರು. ಮುಚ್ಚಳ ಮುಚ್ಚಿತು. ಇಪ್ಪತ್ತನಾಲ್ಕೂ ಮುಚ್ಚಿದವು.

"ಅಂಚು ಚೆನ್ನಾಗಿದೆ," ಎಂದರು, ಹಲ್ಲು ಕೀಳಿಸಿಕೊಂಡವರ ಧ್ವನಿಯಲ್ಲಿ. ಆಮೇಲೆ ಒಂದು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ಲಟಕ್. ಪಟಕ್.

"ಕೇಳಿಸ್ತಾ? ತೋಳಿನ ಕೆಳಗೆ ಖಾಲಿ, ಕಾಲರ್ ಪಕ್ಕ ಖಾಲಿ. ವ್ಯಾನ್ ಎರಡು ಗುಂಡಿ ಹಾರಿದ್ರೆ ನಿನ್ನ ಗುಂಡಿ ಎಲ್ಲ ಹಾರುತ್ತೆ. ಸ್ಟೇಷನ್ ಸೇರೋ ಹೊತ್ತಿಗೆ ಕೋಟಲ್ಲ, ಬರೀ ನಶ್ಯ. ಇದಕ್ಕೇ ನಾನು ಮೊದಲೇ ಹೇಳಿದ್ದು." ಕೈ ಚೀಲದ ಕಡೆ ಹೋಯಿತು.

ನರ್ಸ್ ಕಣ್ಣಲ್ಲೇ ಅಯ್ಯೋ ಎಂದಳು.

"ಒಂದು ನಿಮಿಷ ಅತ್ತಿಗೆ," ಎಂದಳು ಟೈಲರಮ್ಮ. "ಕೋಟು ಆಗಿದೆ, ಲೈನಿಂಗ್ ಬಾಕಿ ಇದೆ."

ಬೋಗುಣಿಯನ್ನು ಎಳೆದುಕೊಂಡಳು. ಪಟ್ಟಿಗಳು ಈಗ ಆರಿ ಗರಿಗರಿಯಾಗಿದ್ದವು. ಒಂದನ್ನು ಎಡತೋಳಿನ ಕೆಳಗೆ ಇಟ್ಟಳು, ಒಂದನ್ನು ಬಲಕ್ಕೆ. ಮುರಿದ ತುಣುಕು ಎರಡು ಕಾಲರಿನ ಅಕ್ಕಪಕ್ಕ. ಎಲ್ಲವೂ ಅದೇ ಕತ್ತರಿಯಿಂದ ಬಂದವು, ಕೋಟಿನ ಅಂಕುಡೊಂಕೇ ಅವುಗಳ ಅಂಕುಡೊಂಕು. ಹಲ್ಲಿಗೆ ಹಲ್ಲು ಕಚ್ಚಿಕೊಂಡು ಕೂತವು. ಮುಚ್ಚಳ ಮುಚ್ಚಿ ಡಬ್ಬಿಯನ್ನು ಅತ್ತಿಗೆಯ ಕೈಗೆ ಕೊಟ್ಟಳು.

ಹೆಡ್ ಮೇಡಂ ಅಲ್ಲಾಡಿಸಿದರು. ಸದ್ದಿಲ್ಲ. ಜೋರಾಗಿ ಅಲ್ಲಾಡಿಸಿದರು. ತಲೆಕೆಳಗು ಮಾಡಿ ಅಲ್ಲಾಡಿಸಿದರು. ಅವರ ಕೈಬಳೆ ಬಿಟ್ಟರೆ ಬೇರೇನೂ ಸದ್ದು ಮಾಡಲಿಲ್ಲ. ತೆರೆದು ನೋಡಿದರೆ ಮೂರು ಗುಂಡಿಯೂ ಇದ್ದಲ್ಲೇ ಇದ್ದು ಅವರನ್ನೇ ನೋಡುತ್ತಿದ್ದವು.

"ಈ ಪಟ್ಟಿ ಬೇರೆ ಮಾಡಿದ್ಯಾ?"

"ಇಲ್ಲ ಅತ್ತಿಗೆ. ಮಾರ್ಜಿನ್ ಬಿಟ್ಟಿದ್ದೆ." ಸುಳ್ಳೇನಲ್ಲ, ಬೇಕಂತಲೇ ಬಿಟ್ಟೆ ಎಂದು ಅವಳು ಹೇಳಲಿಲ್ಲವಲ್ಲ. ಗಂಡ ಗೋಡೆಯ ಕಡೆ ತಿರುಗಿಕೊಂಡ. ಬೆನ್ನು ಮಾತ್ರ ಕುಲುಕುತ್ತಿತ್ತು.

ಹೆಡ್ ಮೇಡಂ ಪರಿಶೀಲನೆಗೆಂದು ಒಂದು ಪಟ್ಟಿಯನ್ನು ಕಚ್ಚಿದರು. ಕರುಂ ಎಂದಿತು. ಇನ್ನೊಂದು ತೆಗೆದುಕೊಂಡರು, ಮೊದಲನೆಯದರ ಪರಿಶೀಲನೆಗೆ. ಮೂರನೆಯದಕ್ಕೆ ಕಾರಣವನ್ನೂ ಕೊಡಲಿಲ್ಲ.

"ಮೇಡಂ, ಲೈನಿಂಗ್ ಖಾಲಿಯಾಗುತ್ತೆ," ಎಂದಳು ನರ್ಸ್, ತಾನೂ ಒಂದು ಹಿಡಿ ಬಾಚಿಕೊಳ್ಳುತ್ತಾ.

ನಾಲ್ವರೂ ಕೂತು ಪಟ್ಟಿ ತುಂಬಿದರು. ಒಂದು ಡಬ್ಬಿಯೂ ಲಟಕ್ಕೆನ್ನಲಿಲ್ಲ. ಆಮೇಲೆ ಹೆಡ್ ಮೇಡಂ ಕಾರ್ಡು ಹರಡಿಕೊಂಡು ಪೆನ್ನು ತೆಗೆದರು. ಗೆರೆಯ ಕೆಳಗೆ ಜಾಗ ಬಿಟ್ಟಿದ್ದರು. ಗೆರೆಯ ಮೇಲೆ ಬಿಟ್ಟಿರಲಿಲ್ಲ. ಕ್ಷಣ ಯೋಚಿಸಿದರು. ಕೊನೆಗೆ ಎಲ್ಲಕ್ಕಿಂತ ಮೇಲೆ, ತಮ್ಮ ಚಾಕೊಲೇಟ್ ಉಂಡೆಗಿಂತಲೂ ಮೇಲೆ, ಬರೆಯತೊಡಗಿದರು. ಶುಂಠಿ ಕೋಟು, ಲೈನಿಂಗ್ ಸಮೇತ: ಟೈಲರ್. ಮೊದಲ ಮೂರು ಕಾರ್ಡು ಹಾಗೆ ನಡೆಯಿತು. ನಾಲ್ಕನೆಯದಕ್ಕೆ ಪೆನ್ನು ಸೋಮಾರಿಯಾಯಿತು: ಶುಂಠಿ, ಟೈ.

"ಪೂರ್ತಿ ಬರೀರಿ ಅತ್ತಿಗೆ," ಎಂದಳು ಟೈಲರಮ್ಮ, ಬೆನ್ನ ಹಿಂದೆ ಕೈ ಕಟ್ಟಿ ನಿಂತು.

"ಅರ್ಥ ಆಗುತ್ತೆ ಬಿಡಮ್ಮ."

"ಅರ್ಥ ಆಗೋದು ಬೇಡ, ಓದೋಕೆ ಆಗಲಿ. ಅಕ್ಷರ ದುಂಡಗೆ ಇರಲಿ."

ನಲವತ್ತು ವರ್ಷ ಮಕ್ಕಳಿಗೆ ತಾವು ಹೇಳಿದ ಮಾತು ತಮ್ಮ ಕಿವಿಗೇ ಬಿದ್ದಾಗ ಹೆಡ್ ಮೇಡಂ ತಲೆಯೆತ್ತಿದರು. ತಮ್ಮನ ಹೆಂಡತಿಯನ್ನು ಮೊದಲ ಸಲ ನೋಡುವಂತೆ ನೋಡಿದರು. ಆಮೇಲೆ ಅವರ ತುಟಿಯಂಚಿನಲ್ಲಿ ಸಕ್ಕರೆಯ ಜೊತೆ ಒಂದು ನಗುವೂ ಅಂಟಿಕೊಂಡಿತು. "ಆಯ್ತು ಮಿಸ್," ಎಂದು, ಇಪ್ಪತ್ತನಾಲ್ಕು ಕಾರ್ಡನ್ನೂ ದುಂಡಗೆ ಬರೆದು ಮುಗಿಸಿದರು.

ನಾಲ್ಕಕ್ಕೆ ವ್ಯಾನ್ ಹಾರ್ನ್ ಹೊಡೆಯಿತು. ಮೊದಲ ಬುಟ್ಟಿಯನ್ನು ಟೈಲರಮ್ಮ ತಾನೇ ಎತ್ತಿಕೊಂಡು ಮೆಟ್ಟಿಲಿಳಿದಳು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಡ್ರೈವರ್ ಬುಟ್ಟಿಯನ್ನು ತೆಗೆದುಕೊಂಡು ಕಾರ್ಡಿನ ಮೊದಲ ಸಾಲನ್ನು ಗಟ್ಟಿಯಾಗಿ ಓದಿದ.

"ಕೋಟಾ? ತಿಂಡಿ ಅಂತ ಹೇಳಿದ್ರು. ಯಾರ ಸೈಜಿಂದಮ್ಮ ಇದು?"

"ಹಸಿದೋರ ಸೈಜಿಂದು," ಎಂದಳು ಟೈಲರಮ್ಮ. "ಎಲ್ಲರಿಗೂ ಆಗುತ್ತೆ. ಹುಷಾರಾಗಿ ಓಡಿಸೋದೇನೂ ಬೇಡ, ಬೇಗ ತಲುಪಿಸಿ."