ಆರನೇ ಬೆಡ್ಡಿನ ಒಂದೂವರೆ ಕೆಜಿ

ಘಲ್.

ರಾತ್ರಿ ಎರಡು ಗಂಟೆಗೆ ಕೇಳಿದ ಆ ಸಣ್ಣ ಸದ್ದಿಗೆ ಸ್ಮೃತಿ ತಲೆಯೆತ್ತಿದಳು. ನಾಗರಬಾವಿಯ ಈ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಾಲ್ಕು ವರ್ಷ. ವಾರ್ಡಿನ ಯಾವ ಗೊರಕೆ ಯಾರದು, ಯಾವ ಫ್ಯಾನು ಕಿರುಗುಟ್ಟುತ್ತದೆ, ಎಲ್ಲ ಅವಳಿಗೆ ಗೊತ್ತು. ಈ ಸದ್ದು ಹೊಸದು. ಎದ್ದು ಸುತ್ತಿ ಬಂದಳು. ಆರನೇ ಬೆಡ್ಡಿನ ಹನುಮಕ್ಕ ಮಗ್ಗುಲು ಬದಲಿಸಿದ್ದರು, ಅಷ್ಟೆ. ಚಮಚ ಬಿದ್ದಿರಬೇಕೆಂದು ಬಗ್ಗಿ ನೋಡಿದಳು. ಚಮಚ ಇರಲಿಲ್ಲ.

ಮಲ್ಲತ್ತಹಳ್ಳಿಯ ಹನುಮಕ್ಕ ಹೃದಯ ಸೋತು, ಮೈಯೆಲ್ಲ ನೀರು ತುಂಬಿಕೊಂಡು ಬಂದಿದ್ದವರು. ವಾರದಲ್ಲಿ ಚೇತರಿಸಿಕೊಂಡಿದ್ದರು. ಬೆಳಿಗ್ಗೆ ಡಿಸ್ಚಾರ್ಜ್, ಮಾರನೆಯ ದಿನ ಮಗಳ ಮಗಳು ಅನುವಿನ ಮದುವೆ. "ನಾನಿಲ್ದಿದ್ರೆ ಆ ಹುಡುಗಿ ಹಸೆಮಣೆ ಹತ್ತಲ್ಲ ಕಣವ್ವ" ಎಂದು ವಾರ್ಡಿಗೆಲ್ಲ ಸಾರಿಯಾಗಿತ್ತು.

ಐದು ಗಂಟೆಗೆ ದಿನದ ತೂಕ. ಆಸ್ಪತ್ರೆಯ ಗೌನು ಒಲ್ಲೆನೆಂದು ಹಟ ಹಿಡಿದು ಸೀರೆಯಲ್ಲೇ ಇದ್ದ ಹನುಮಕ್ಕ, ಸೆರಗು ಬಿಗಿದುಕೊಂಡು ಯಂತ್ರ ಹತ್ತಿದರು. ಸ್ಮೃತಿ ಅಂಕಿ ಒತ್ತಿದ್ದೇ ತಡ, ಕಂಪ್ಯೂಟರಿನ ಪರದೆ ಕೆಂಪಾಯಿತು.

ಒಂದೇ ದಿನಕ್ಕೆ ಒಂದೂವರೆ ಕೆಜಿ ಏರಿಕೆ. ಮೈಯಲ್ಲಿ ಮತ್ತೆ ನೀರು ನಿಂತಿರುವ ಸಾಧ್ಯತೆ. ನೀರಿಳಿಸುವ ಇಂಜೆಕ್ಷನ್ ಹೆಚ್ಚಿಸಿ. ಡಿಸ್ಚಾರ್ಜ್ ಮುಂದೂಡಿ.

ಡ್ಯೂಟಿ ಡಾಕ್ಟರ್ ಗೌತಮ್ ಕಣ್ಣುಜ್ಜಿಕೊಳ್ಳುತ್ತ ಬಂದು ಪರದೆ ನೋಡಿದ. "ಪಾಪ, ಅಜ್ಜಿ ಮದ್ವೆ ತಪ್ತು. ಇಂಜೆಕ್ಷನ್ ಬರೀತೀನಿ ಸಿಸ್ಟರ್."

ಹೋದ ತಿಂಗಳು ಇದೇ ಕಂಪ್ಯೂಟರ್ ಕೂಗಿಕೊಂಡಿದ್ದರಿಂದ ಒಬ್ಬರ ಜೀವ ಉಳಿದಿತ್ತು. ಅದಕ್ಕೆ ಎದುರಾಡಲು ತಾನು ಯಾರು ಎನ್ನಿಸಿತು ಸ್ಮೃತಿಗೆ. ಆದರೂ ತೂಗುವ ಮುನ್ನ ಅಜ್ಜಿಯ ಕಾಲನ್ನು ಅವಳು ಒತ್ತಿ ನೋಡಿದ್ದಳು. ನೀರು ನಿಂತಿದ್ದರೆ ಬೀಳಬೇಕಾದ ಗುಳಿ ಬಿದ್ದಿರಲಿಲ್ಲ. ಉಸಿರೂ ಸಲೀಸಾಗಿತ್ತು.

"ಸಾರ್, ಐದೇ ನಿಮಿಷ. ಇನ್ನೊಂದ್ಸಲ ತೂಗ್ತೀನಿ."

"ತೂಗಿ. ನಾನು ಬಂದು ಎದೆಗೂ ಸ್ಟೆತ್ ಇಡ್ತೀನಿ."

ಹನುಮಕ್ಕ ಮತ್ತೆ ಮಂಚದಿಂದ ಇಳಿದರು. ಸೊಂಟದ ಬಳಿ ಅದೇ ಸದ್ದು, ಘಲ್.

ಸ್ಮೃತಿ ಸರಕ್ಕನೆ ಮಂಚದ ಸುತ್ತಲ ಪರದೆ ಎಳೆದಳು. "ಅಜ್ಜಿ, ಸೊಂಟದಲ್ಲಿ ಏನಿದೆ?"

"ಸೊಂಟನೇ ಇದೆ. ಇನ್ನೇನಿರ್ತದೆ?"

"ಹೇಳ್ದಿದ್ರೆ ಇಂಜೆಕ್ಷನ್ನು. ನಾಳೆ ಮದ್ವೆ ಫೋನಲ್ಲೇ ನೋಡ್ಬೇಕು."

ಮುದುಕಿ ಆಚೀಚೆ ನೋಡಿ ಸೆರಗು ಸರಿಸಿದರು. ಸೊಂಟದ ಸುತ್ತ ಹಳೇ ಬೆಳ್ಳಿ ಡಾಬು, ಅದಕ್ಕೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಎರಡು ಕಾಲ್ಕಡಗ!

"ನಮ್ಮತ್ತೇದು. ನಿನ್ ಮಗಳ ಕಡೆಗೇ ಹೋಗ್ಲಿ ಅಂದು ಕಣ್ಮುಚ್ಚಿದ್ರು. ಇಬ್ರು ಸೊಸೇರಿಗೂ ಇದ್ರ ಮೇಲೇ ಕಣ್ಣು. ಅದಕ್ಕೇ ಪಕ್ಕದ್ಮನೆ ಜಯದೇವಿ ಕೈಲಿ ನೆನ್ನೆ ಮುದ್ದೆ ಡಬ್ಬೀಲಿ ತರ್ಸಿದೆ. ನಾಳೆ ಮಂಟಪದಲ್ಲಿ ಎಲ್ರೆದ್ರು ಅನು ಸೊಂಟಕ್ಕೆ ಕಟ್ಬಿಡ್ತೀನಿ. ಆಮೇಲೆ ಅದ್ಯಾರು ಬಿಚ್ತಾರೋ ನೋಡೇಬಿಡಾನ."

ಸ್ಮೃತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ನಿಲ್ಲಲೇ ಇಲ್ಲ, ಮುದುಕಿಗೂ ಅಂಟಿಕೊಂಡಿತು. ಬೆಳ್ಳಿಯನ್ನು ಬಿಚ್ಚಿ ದಿಂಬಿನ ಮೇಲಿಟ್ಟು ಅಜ್ಜಿಯನ್ನು ತೂಗಿದರೆ, ನಿನ್ನೆಗಿಂತ ನೂರು ಗ್ರಾಂ ಕಡಿಮೆ!

'ತೂಗುವಾಗ ರೋಗಿಯ ಮೈಮೇಲೆ ಭಾರದ ವಸ್ತು ಇತ್ತು. ತೆಗೆದು ಮತ್ತೆ ತೂಗಲಾಗಿದೆ' ಎಂದು ಒಂದೊಂದೇ ಪದ ಆರಿಸಿ ಬರೆದಳು. ಹೊಸ ಅಂಕಿ ಕೊಟ್ಟೊಡನೆ ಪರದೆಯ ಕೆಂಪು ಅಳಿಸಿಹೋಯಿತು. ಗೌತಮ್ ಬಂದು ಎದೆ, ಬೆನ್ನು, ಕಾಲು ಎಲ್ಲ ನೋಡಿ, "ಅಜ್ಜಿ ಫಸ್ಟ್ ಕ್ಲಾಸ್" ಎಂದ. ಆಮೇಲೆ ಮೆಲ್ಲಗೆ, "ಏನಿತ್ತು ಸಿಸ್ಟರ್, ಅಷ್ಟು ಭಾರ?"

"ಹೆಂಗಸರ ಸಾಮಾನು ಸಾರ್."

ಗೌತಮ್ ಕಿವಿ ಕೆಂಪಾಗಿಸಿಕೊಂಡು ಹೊರಟೇಹೋದ.

ಹತ್ತು ಗಂಟೆಗೆ ಸೊಸೆಯರಿಬ್ಬರೂ ಬಂದರು. ಎರಡೂ ಕಡೆ ತೋಳು ಹಿಡಿದು ಅತ್ತೆಯನ್ನು ಎಬ್ಬಿಸಿದರು. ಘಲ್.

"ಏನತ್ತೆ ಅದು ಸದ್ದು?" ಎಂದಳು ಹಿರಿಯವಳು.

ಹನುಮಕ್ಕನ ಮುಖ ಬಿಳಿಚಿತು. ಡ್ಯೂಟಿ ಮುಗಿದರೂ ಅಜ್ಜಿಯನ್ನು ಕಳಿಸಿಯೇ ಮನೆಗೆ ಹೊರಡಲೆಂದು ನಿಂತಿದ್ದ ಸ್ಮೃತಿ ತನ್ನ ಬೀಗದ ಕೈ ಗೊಂಚಲನ್ನು ಎತ್ತಿ ಜೋರಾಗಿ ಅಲ್ಲಾಡಿಸಿದಳು. "ನಂದು ಆಂಟಿ. ಎಲ್ಲೋ ಇಟ್ಟು ಹುಡುಕ್ತಿರ್ತೀನಿ, ಅದಕ್ಕೇ ಗೆಜ್ಜೆ ಕಟ್ಟಿದೀನಿ."

ಲಿಫ್ಟಿನ ಬಾಗಿಲು ಮುಚ್ಚುವ ಮುನ್ನ ಹನುಮಕ್ಕ ಇತ್ತ ತಿರುಗಿ ಒಂದು ಕಣ್ಣು ಮಿಟುಕಿಸಿದರು.

ಶ್ರೀಗಂಧದ ಕಾವಲಿನ ಮನೆಯಲ್ಲಿ ಅಮ್ಮ ಕಾಫಿ ಹಿಡಿದು, ರಾತ್ರಿಯ ಸುದ್ದಿಗೆ ಕಾದು ಕೂತಿರುತ್ತಾರೆ. ಅಮ್ಮನಿಗೆ ಹೇಳದೆ ಉಳಿಸಿದ್ದು ಒಂದೂ ಇಲ್ಲ. ಆದರೆ ಅಮ್ಮನಿಗೆ ತರಕಾರಿ ಮಾರುವವಳು ಬರುವುದು ಹನುಮಕ್ಕನ ಮಲ್ಲತ್ತಹಳ್ಳಿಯಿಂದಲೇ. ಬಸ್ಸಿನ ಕಿಟಕಿಯ ಪಕ್ಕ ಕೂತ ಸ್ಮೃತಿ, ನಾಳೆ ಧಾರೆ ಮುಗಿದ ಮೇಲೂ ಇದನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿ, ಒಬ್ಬಳೇ ನಕ್ಕಳು.