ಕೊಕ್ಕರೆಯ ಹೆಸರಿನ ಹಬ್ಬಗಳು

ಕೊಕ್ಕರೆಯನ್ನು ಕೊಲ್ಲುವುದಕ್ಕೆಂದು ನಾನು ಮೊದಲ ಸಲ ಹೋದದ್ದು ಅಕ್ಟೋಬರ್ ಇಪ್ಪತ್ತಾರನೇ ತಾರೀಕು. ಪೆಟ್ಟಿಗೆಯಲ್ಲಿ ಎರಡು ಸಿರಿಂಜು, ಎರಡು ಬಾಟಲಿ, ಒಂದು ಹಳೇ ಟವೆಲು. ದಾರಿಯುದ್ದಕ್ಕೂ ಮುಖವನ್ನು ಗಂಭೀರವಾಗಿ ಇಟ್ಟುಕೊಳ್ಳುವ ಅಭ್ಯಾಸ ಮಾಡಿದ್ದೆ. ವರ್ಬಿನೋ ರೈಲು ನಿಲ್ದಾಣದ ಬಾಗಿಲು ತಳ್ಳಿದರೆ ಒಳಗೆ ಹನ್ನೊಂದು ಜನ ಕೂತು ಊಟ ಮಾಡುತ್ತಿದ್ದರು.

ವರ್ಬಿನೋದಲ್ಲಿ ರೈಲು ನಿಲ್ಲುವುದನ್ನು ಬಿಟ್ಟು ಒಂಬತ್ತು ವರ್ಷವಾಗಿದೆ. ಖಾಲಿ ಕಟ್ಟಡವನ್ನು ನಮ್ಮ ಪ್ರಾಣಿದಯಾ ಸಂಘಕ್ಕೆ ಕೊಟ್ಟಿದ್ದಾರೆ. ಟಿಕೆಟ್ ಕೋಣೆಯಲ್ಲಿ ಮುಳ್ಳಿಲಿಗಳು, ಲಗೇಜು ಕೋಣೆಯಲ್ಲಿ ಒಕ್ಕಣ್ಣಿನ ಗೂಬೆ, ಪ್ರಯಾಣಿಕರು ಕಾಯುವ ಕೋಣೆಯಲ್ಲಿ ಕೊಕ್ಕರೆ. ಕಟ್ಟಡದ ಜೊತೆಗೇ ನಮಗೆ ಬಂದವರು ಪೆಂಕೋ ಮಾಮ. ನಲವತ್ತು ವರ್ಷ ಅಲ್ಲೇ ಸಿಗ್ನಲ್ ಎಳೆದವರು. ಯಾಕೆ ಮನೆಗೆ ಹೋಗಲಿಲ್ಲ ಎಂದು ಕೇಳಿದರೆ, "ಬರ್ಬೇಡ ಅಂತ ರೈಲಿಗೆ ಹೇಳಿದ್ರು, ನಂಗ್ಯಾರೂ ಹೇಳ್ಲಿಲ್ಲ" ಎನ್ನುತ್ತಾರೆ. ಈಗ ಪ್ರಾಣಿಗಳನ್ನು ನೋಡಿಕೊಳ್ಳುವವರು ಅವರೇ. ನಾನು ಸಂಘದ ಪಶುವೈದ್ಯೆ, ವಾರಕ್ಕೆರಡು ಸಲ ಪಟ್ಟಣದಿಂದ ಬರುತ್ತೇನೆ.

ಪೆಂಕೋ ಮಾಮ ನನ್ನ ಕೈಗೊಂದು ಗ್ಲಾಸು ಕೊಟ್ಟರು. "ಬನ್ನಿ ಡಾಕ್ಟ್ರಮ್ಮ. ಸರಿಯಾದ ಹೊತ್ತಿಗೆ ಬಂದ್ರಿ."

"ಏನಿದೆಲ್ಲ?"

"ಸಂತ ದಿಮಿತರ್ ದಿನ ಅಲ್ವಾ. ಹೆಸರಿನ ಹಬ್ಬ."

"ಯಾರ ಹೆಸರು ದಿಮಿತರ್ ಇಲ್ಲಿ?"

ಅವರು ಗದ್ದವನ್ನು ಮೂಲೆಯ ಕಡೆಗೆ ಎತ್ತಿ ತೋರಿಸಿದರು. ಕೊಕ್ಕರೆ ಹಳೆಯ ವೇಳಾಪಟ್ಟಿಯ ಕೆಳಗೆ ನಿಂತು, ಇರುವ ಒಂದೇ ರೆಕ್ಕೆಯನ್ನು ಕೊಕ್ಕಿನಿಂದ ಬಾಚಿಕೊಳ್ಳುತ್ತಿತ್ತು.

"ಅದಕ್ಕೆ ಹೆಸರೇ ಇರ್ಲಿಲ್ವಲ್ಲ ಮಾಮ. ಫೈಲಲ್ಲಿ ನಂಬರ್ ನಲವತ್ತೇಳು ಅಂತಿದೆ."

"ಮಂಗಳವಾರದಿಂದ ಇದೆ."

ಸಂತ ದಿಮಿತರ್ ದಿನ ಎಲ್ಲ ದಿಮಿತರ್‌ಗಳ ಮನೆಗೂ ಊರು ನುಗ್ಗುತ್ತದೆ. ಸಂತನ ದಿನ ಆ ಹೆಸರಿಟ್ಟುಕೊಂಡವರಿಗೆಲ್ಲ ಹೆಸರಿನ ಹಬ್ಬ. ಅದಕ್ಕೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ, ಕರೆಯದೆಯೇ ಬರುತ್ತಾರೆ, ಬಂದವರಿಗೆ ಊಟ ಹಾಕಬೇಕು. ಹಬ್ಬ ಯಾರದೋ ಅವನನ್ನು ಅತಿಥಿಗಳ ಎದುರಿಗೇ ಕೊಲ್ಲುವ ವಿಧಾನವನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಊರಿನ ಗಿನಾ ಅಜ್ಜಿ ಎದ್ದು ಕೊಕ್ಕರೆಯ ಮುಂದೆ ನಿಂತು, "ನಿನ್ನ ಹೆಸರು ಬದುಕಿರ್ಲಿ ಮಗಾ, ಗಟ್ಟಿಯಾಗಿರ್ಲಿ" ಎಂದು ಹರಸಿ ಒಂದು ತುಂಡು ಚೀಸಿನ ಕಡುಬು ನೀಡಿದಳು. ಕೊಕ್ಕರೆ ಅದನ್ನು ಸುತ್ತಿದ್ದ ಕಾಗದದ ಸಮೇತ ನುಂಗಿತು. ಆಮೇಲೆ ಅಜ್ಜಿಯ ಕಣ್ಣು ನನ್ನ ಪೆಟ್ಟಿಗೆಯ ಮೇಲೆ ಬಿತ್ತು.

"ಅದ್ರಲ್ಲೇನಮ್ಮ, ಉಡುಗೊರೆನಾ?"

"ಹೂಂ ಅಜ್ಜಿ," ಎಂದೆ. ಗ್ಲಾಸು ಖಾಲಿ ಮಾಡಿ, ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದೆ.

ಇದಕ್ಕೆಲ್ಲ ಕಾರಣ ಸಂಘದ ಏಳನೇ ನಿಯಮ. ಹಿಂದೊಮ್ಮೆ ಒಬ್ಬ ಮೇಷ್ಟ್ರು ತಾವು ಸಾಕುತ್ತಿದ್ದ ಗಾಯದ ನರಿಗೆಂದು ಬೇಯಿಸಿದ ಮೊಟ್ಟೆ ತಂದರೆ, ಗೂಡು ಖಾಲಿಯಾಗಿತ್ತು. ಹಿಂದಿನ ದಿನವೇ ನರಿಗೆ ದಯಾಮರಣ ಕೊಟ್ಟಾಗಿತ್ತು. ಮೇಷ್ಟ್ರು ಮೊಟ್ಟೆಯನ್ನೂ ಮೂರು ಪುಟದ ದೂರನ್ನೂ ಅಧ್ಯಕ್ಷೆಯ ಮೇಜಿನ ಮೇಲಿಟ್ಟು ಹೋದರು. ಅಧ್ಯಕ್ಷೆ ತೋಪಾಲೋವಾ ಕೂಡಲೇ ನಿಯಮ ಬರೆದರು: ದಯಾಮರಣಕ್ಕೆ ವೈದ್ಯರ ಮತ್ತು ಅಧ್ಯಕ್ಷರ ಸಹಿ ಬೇಕು, ಆ ಪ್ರಾಣಿಯನ್ನು ನೋಡಿಕೊಳ್ಳುವವರಿಗೆ ಮನಸ್ಸು ಗಟ್ಟಿಮಾಡಿಕೊಳ್ಳಲು ಒಂದು ವಾರ ಮೊದಲೇ ದಿನಾಂಕ ತಿಳಿಸಬೇಕು. ಪೆಂಕೋ ಮಾಮನ ಮನಸ್ಸು ಮೊದಲೇ ಗಟ್ಟಿಯಾಗಿತ್ತು. ಹಾಗಾಗಿ ಆ ಒಂದು ವಾರ ಅವರಿಗೆ ಬೇರೆ ಕೆಲಸಕ್ಕೆ ಸಿಕ್ಕಿತು.

ಕೊಕ್ಕರೆ ಆಗಸ್ಟಿನಲ್ಲಿ ಕರೆಂಟು ತಂತಿಗೆ ಬಡಿದು ಬಿದ್ದದ್ದು. ಎಡ ರೆಕ್ಕೆಯನ್ನು ನಾನೇ ಕತ್ತರಿಸಿದೆ. ಅದರ ಬಳಗವೆಲ್ಲ ತಿಂಗಳ ಕೊನೆಗೆ ಆಫ್ರಿಕಾಕ್ಕೆ ಹೋಯಿತು, ಇದು ಉಳಿಯಿತು. ಹಾರಲಾರದ ಕೊಕ್ಕರೆ ಬದುಕಬಾರದೆಂದೇನೂ ಇಲ್ಲ. ಆದರೆ ದಿನವಿಡೀ ಗಟ್ಟಿ ನೆಲದ ಮೇಲೆ ನಿಂತರೆ ಕೊಕ್ಕರೆಯ ಅಂಗಾಲು ಹುಣ್ಣಾಗುತ್ತದೆ, ಹುಣ್ಣು ಒಳಗೆ ಇಳಿಯುತ್ತದೆ, ಮೂಳೆ ಕೊಳೆಯುತ್ತದೆ. ಅಕ್ಟೋಬರಿನಲ್ಲಿ ಬಲಗಾಲಿನಲ್ಲಿ ಬಟಾಣಿಯಷ್ಟು ಇತ್ತು. ನಾನು ಔಷಧ ಹಚ್ಚಿದೆ, ಬ್ಯಾಂಡೇಜು ಕಟ್ಟಿದೆ, ಕೊಕ್ಕರೆ ಅದನ್ನು ಬಿಚ್ಚಿ ನುಂಗಿತು. ಮಾಮ ನೆಲಕ್ಕೆ ಮರಳು ತುಂಬಿದರು, ಮರಳಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ತಮ್ಮ ಮದುವೆಯ ಕಂಬಳಿ. ಹುಣ್ಣು ಬೆಳೆಯಿತು.

ನಮ್ಮ ಫಾರಮ್ಮಿನಲ್ಲಿ ಮೂರು ಪ್ರಶ್ನೆಗಳಿವೆ. ಅವನ್ನು ಒಂದು ದಿನ ಮಾಮನ ಎದುರಿಗೆ ಓದಿದೆ.

"ಪ್ರಾಣಿ ತಿನ್ನುತ್ತಿದೆಯೇ?"

"ನನ್ ಚಪ್ಪಲೀನೂ ತಿಂತು."

"ನೋವಿಲ್ಲದೆ ನಿಲ್ಲುತ್ತಿದೆಯೇ?"

"ನೋವಿಲ್ದೆ ನಿಲ್ಲೋರು ಈ ಊರಲ್ಲಿ ಯಾರಿದಾರೆ? ಗಿನಾ ಮೊಣಕಾಲು ನೋಡಿದೀರಾ? ನೋಡ್ಬೇಡಿ, ಆಮೇಲೆ ಅವಳೇ ತೋರಿಸ್ತಾಳೆ."

"ಮೂರನೇದು. ತನ್ನ ಸ್ವಭಾವಕ್ಕೆ ತಕ್ಕ ಹಾಗೆ ಬದುಕುತ್ತಿದೆಯೇ?"

ಮಾಮ ಯೋಚಿಸಿದರು. "ಕೊಕ್ಕರೆ ಅಂದ್ಮೇಲೆ ಆಫ್ರಿಕಾಕ್ಕೆ ಹೋಗ್ಬೇಕು, ಹೌದಾ? ನಾನು ರೈಲ್ವೇಲಿ ನಲವತ್ತು ವರ್ಷ ಇದ್ದೆ. ಪಾಸಿತ್ತು, ಪುಕ್ಕಟೆ. ಒಂದಿನಾನೂ ಸಮುದ್ರ ನೋಡಿದವನಲ್ಲ. ನಂಗೂ ಸೂಜಿ ಚುಚ್ತೀರಾ?"

ನಾನು ಮೂರನೇ ಪ್ರಶ್ನೆಯ ಮುಂದೆ "ಚರ್ಚೆಯಲ್ಲಿದೆ" ಎಂದು ಬರೆದೆ.

ಎರಡನೇ ದಿನಾಂಕ ಡಿಸೆಂಬರ್ ಆರು. ಯಾಕೆ ಆ ದಿನ ಆರಿಸಿದೆನೆಂದು ನನಗೂ ಗೊತ್ತಿಲ್ಲ. ಶುಕ್ರವಾರ ನನಗೆ ಬಿಡುವು, ಅಷ್ಟೇ. ಕೊಕ್ಕರೆ ಆ ಹೊತ್ತಿಗೆ ನಿಕೊಲಾ ಆಗಿತ್ತು. ಸಂತ ನಿಕೊಲಾ ದಿನ ದೇಶವೆಲ್ಲ ಗೆಂಡೆ ಮೀನು ತಿನ್ನುತ್ತದೆ. ಆ ಸಲ ಊರಿನ ಅಷ್ಟೂ ಮೀನಿನ ತಲೆಗಳು ನಿಲ್ದಾಣಕ್ಕೆ ಬಂದವು. ಬಕೆಟ್ಟು ಹಿಡಿದವರು ಸರದಿಯಲ್ಲಿ ನಿಂತಿದ್ದರು. ಊರಿನಲ್ಲಿ ನಿಜವಾದ ನಿಕೊಲಾ ಇದ್ದ, ಮಾಜಿ ಮೇಯರು. ಅವನ ಮನೆಗೆ ಆ ವರ್ಷ ಇಬ್ಬರೇ ಹೋದರಂತೆ. ಸಂಜೆ ಅವನೇ ಇಲ್ಲಿಗೆ ಬಂದು ಗೊಣಗಿದ: "ಮೂವತ್ತು ಜನಕ್ಕೆ ಅಡಿಗೆ ಮಾಡ್ಸಿದ್ದೆ ಕಣಯ್ಯ. ಒಂದು ಹಕ್ಕಿ ಮುಂದೆ ನನ್ನ ಮರ್ಯಾದೆ ತೆಗ್ದೆ."

"ನಿಂಗೆ ರೆಕ್ಕೆ ಹೋಗಿದ್ರೆ ನಿನ್ ಮನೆಗೂ ಬರ್ತಿದ್ರು," ಎಂದರು ಪೆಂಕೋ ಮಾಮ.

ಮರುದಿನ ತೋಪಾಲೋವಾ ನನ್ನನ್ನು ಕರೆಸಿದರು. ಅವರ ಸಹಿ ಅಕ್ಟೋಬರಿನಿಂದ ಫಾರಮ್ಮಿನಲ್ಲಿ ಕೂತಿತ್ತು.

"ಏನಮ್ಮಾ ಇಸ್ಕ್ರಾ, ಆ ದಿಮಿತರ್ ವಿಷಯ ಮುಗೀತಾ?"

"ಅದು ಈಗ ನಿಕೊಲಾ ಮೇಡಂ."

ಅವರು ಕನ್ನಡಕ ತೆಗೆದರು. "ಹಬ್ಬ ಇಲ್ದಿರೋ ದಿನ ನೋಡಿ ಇಡಕ್ಕಾಗಲ್ವಾ ನಿಂಗೆ?"

"ಪ್ರತಿ ದಿನಾನೂ ಯಾರೋ ಒಬ್ಬ ಸಂತ ಇರ್ತಾರೆ ಮೇಡಂ."

"ಇರ್ತಾರೆ. ಆದ್ರೆ ಎಲ್ಲಾ ಸಂತರ ಹೆಸರನ್ನೂ ಜನ ಇಟ್ಕೊಳಲ್ಲ. ಯಾರೂ ಇಟ್ಕೊಳ್ದಿರೋ ಹೆಸರು ಹುಡುಕು. ಇದನ್ನೂ ನಾನೇ ಹೇಳ್ಕೊಡ್ಬೇಕಾ?"

ಅಧ್ಯಕ್ಷೆಯ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದು, ಚರ್ಚಿನ ಪಂಚಾಂಗ ತಿರುವಿ ಜನವರಿ ಇಪ್ಪತ್ತೆರಡನ್ನು ಆರಿಸಿದೆ. ಸಂತ ತಿಮೊತೇಯ. ವರ್ಬಿನೋದಲ್ಲಿ ಆ ಹೆಸರಿನವರು ಹಿಂದೆಯೂ ಇರಲಿಲ್ಲ, ಮುಂದೆಯೂ ಹುಟ್ಟುವ ಲಕ್ಷಣವಿರಲಿಲ್ಲ. ಹೆರಲು ಅಲ್ಲಿ ಯಾರಿಗೂ ವಯಸ್ಸು ಉಳಿದಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಎರಡು ಸಲ ವಾಪಸು ಬಂದಾಗಲೂ ನನಗೆ ಸಿಟ್ಟು ಬಂದಿತ್ತು ಎಂದು ಎಲ್ಲರಿಗೂ ಹೇಳಿದ್ದೆ. ಬಂದಿರಲಿಲ್ಲ. ಊರು ದಾಟಿದ ಕೂಡಲೇ ಕಾರಿನ ರೇಡಿಯೋ ಹಾಕಿದ್ದೆ. ಮಾಮ ಕೊಕ್ಕರೆಯನ್ನು ಉಳಿಸುತ್ತಿದ್ದಾರೆಂದು ಊರು ನಂಬಿತ್ತು, ನಿಜಕ್ಕೂ ಅವರು ಉಳಿಸುತ್ತಿದ್ದದ್ದು ನನ್ನನ್ನು. ಹುಣ್ಣು ಮಾತ್ರ ಯಾರ ಹಬ್ಬಕ್ಕೂ ಕಾಯದೆ ಜನವರಿಯ ಹೊತ್ತಿಗೆ ಎಡಗಾಲಿಗೂ ಬಂದಿತ್ತು.

ನನ್ನ ಲೆಕ್ಕದಲ್ಲಿ ಒಂದು ತಪ್ಪಿತ್ತು. ತಿಮೊತೇಯ ಎಂಬ ಹೆಸರಿನವರು ಸುತ್ತಮುತ್ತ ಯಾರೂ ಇಲ್ಲವೆಂದರೆ ಆ ದಿನ ಹಬ್ಬಕ್ಕೆ ಹೋಗಲು ಯಾರಿಗೂ ಬೇರೆ ಮನೆ ಇರುವುದಿಲ್ಲ. ಜನವರಿಯ ನಾಲ್ಕನೇ ವಾರ, ಹೊರಗೆ ಮೊಣಕಾಲುದ್ದ ಹಿಮ, ಮಾಡಲು ಕೆಲಸವಿಲ್ಲ. ಇಡೀ ಊರು ಬಂತು. ಪಕ್ಕದ ಊರಿನವರೂ ಟ್ರ್ಯಾಕ್ಟರಿನಲ್ಲಿ ಬಂದರು. ಮಾಜಿ ಮೇಯರ್ ತನ್ನ ಮನೆಯ ಕುರ್ಚಿಗಳನ್ನೇ ತಂದು ಹಾಕಿಸಿದ್ದ. ಬಾಗಿಲಲ್ಲಿ ನಿಂತಿದ್ದ ನನಗೆ ಗಿನಾ ಅಜ್ಜಿ ದೂರದಿಂದಲೇ ಹೇಳಿದಳು: "ಬಾ ಬಾ. ಪ್ರತೀ ಸಲ ಉಡುಗೊರೆ ತರ್ತೀಯ, ಕೊಡ್ದೇನೇ ಹೋಗ್ತೀಯ. ಎಂಥಾ ಜುಗ್ಗಿ ನೀನು."

ಎಲ್ಲರೂ ನಕ್ಕರು. ಯಾರೋ ಅಕಾರ್ಡಿಯನ್ ನುಡಿಸತೊಡಗಿದರು. ಕೊಕ್ಕರೆ ಜನರ ನಡುವೆ ಎರಡು ಹೆಜ್ಜೆ ಹಾಕಿತು, ನಿಂತಿತು, ಬಲಗಾಲು ಎತ್ತಿತು. ಅದನ್ನು ಇಳಿಸಿ ಎಡಗಾಲು ಎತ್ತಿತು. ಮತ್ತೆ ಬಲಗಾಲು. ಅಕಾರ್ಡಿಯನ್ನಿನವನು ಅದರ ತಾಳಕ್ಕೆ ನುಡಿಸಲು ನೋಡಿದ. "ಅಯ್ಯೋ ಕುಣೀತಾ ಇದೆ ನೋಡ್ರೋ," ಎಂದಿತು ಒಂದು ದನಿ. ಆಮೇಲೆ ಕೊಕ್ಕರೆ ಕಾಲುಗಳನ್ನು ಮಡಿಸಿ, ಮಾಜಿ ಮೇಯರನ ಬೂಟಿನ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತಿತು.

"ಸುಸ್ತಾಯ್ತು ಪಾಪ ತಿಮೊತೇಯಂಗೆ," ಎಂದು ಮಾಜಿ ಮೇಯರ್ ಅದರ ಕಡೆಗೆ ಗ್ಲಾಸು ಎತ್ತಿದ. "ಕುರ್ಚಿ ಕೊಡ್ರೋ ಯಾರಾದ್ರೂ."

ಜೋರಾಗಿ ನಗು ಎದ್ದಿತು. ನಾನು ಪೆಂಕೋ ಮಾಮನನ್ನು ಹುಡುಕಿದೆ. ಅವರು ಬ್ರೆಡ್ಡಿನ ತಟ್ಟೆ ಹಿಡಿದುಕೊಂಡು ಕೊಕ್ಕರೆಯನ್ನೇ ನೋಡುತ್ತಿದ್ದರು. ನಿಲ್ಲುವ ಹಕ್ಕಿ ಅದು. ನಿದ್ದೆಯಲ್ಲೂ ನಿಲ್ಲುತ್ತದೆ. ಯಾವ ಕಾಲಿನ ಮೇಲೆ ನಿಲ್ಲಬೇಕೆಂದು ಆರಿಸಲಾರದಾಗ ಮಾತ್ರ ಕೂರುತ್ತದೆ. ಇದನ್ನು ಅಕ್ಟೋಬರಿನಲ್ಲಿ ಅವರಿಗೆ ಹೇಳಿದ್ದು ನಾನೇ.

ಜನ ಹೋಗುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ನಾನು ಗ್ಲಾಸು ತೊಳೆದೆ, ಮಾಮ ಒರೆಸಿದರು. ಕೊಕ್ಕರೆ ಕೂತಲ್ಲಿಂದ ಎದ್ದಿರಲಿಲ್ಲ.

"ಎಷ್ಟು ದಿನದಿಂದ ಕೂರ್ತಾ ಇದೆ?" ಎಂದು ಕೇಳಿದೆ.

"ಹಬ್ಬಕ್ಕೆ ಮುಂಚಿಂದ."

"ಯಾವ ಹಬ್ಬ?"

ಅವರು ಅದೇ ಗ್ಲಾಸನ್ನು ಎರಡನೇ ಸಲ ಒರೆಸಿದರು. "ಹೊಸ ವರ್ಷದ್ದು. ನೀವು ಬರೋ ದಿನ ಬೆಳಿಗ್ಗೆ ನಾನೇ ಎತ್ತಿ ನಿಲ್ಲಿಸ್ತಿದ್ದೆ." ಗ್ಲಾಸನ್ನು ಬೋರಲು ಹಾಕಿದರು. "ನಾಳೆ ಬನ್ನಿ ಡಾಕ್ಟ್ರಮ್ಮ."

"ನಿಯಮದ ಪ್ರಕಾರ ಒಂದು ವಾರ..."

"ನನಗೋಸ್ಕರ ತಾನೇ ಬರೆದಿರೋದು ನಿಯಮ? ನಂಗೆ ಬೇಡ ಅದು."

ಮೂರು ತಿಂಗಳು ನಾನು ಕಾಯುತ್ತಿದ್ದ ಮಾತು ಇದೇ. ಕೇಳಿದ ಮೇಲೆ ನಾನು ಏನು ಮಾಡಿದೆನೆಂದು ಬರೆಯಲು ನಾಚಿಕೆಯಾಗುತ್ತದೆ: ಚೀಲದಿಂದ ಪಂಚಾಂಗ ತೆಗೆದೆ.

"ನಾಳೆ ಸಂತ ಕ್ಲಿಮೆಂಟ್ ದಿನ ಮಾಮ," ಎಂದೆ.

ಅವರು ಪಂಚಾಂಗವನ್ನು ನನ್ನ ಕೈಯಿಂದ ತೆಗೆದು ಮುಚ್ಚಿದರು. "ಇರ್ಲಿ ಬಿಡಿ," ಎಂದರು. "ಆ ಹೆಸರಿನೋರು ನಮ್ಮಲ್ಲಿ ಯಾರೂ ಇಲ್ಲ."

ಮರುದಿನ ಹತ್ತು ಗಂಟೆಗೆ ನಿಲ್ದಾಣದ ಬಾಗಿಲು ತಳ್ಳಿದಾಗ ಒಳಗೆ ಮಾಮ ಒಬ್ಬರೇ ಇದ್ದರು. ಗಡ್ಡ ಹೆರೆದುಕೊಂಡು, ರೈಲ್ವೇ ಕೋಟು ಹಾಕಿಕೊಂಡಿದ್ದರು. ಕೊಕ್ಕರೆ ಹೆದರಿದರೆ ಕಣ್ಣಿಗೇ ಕುಕ್ಕುತ್ತದೆ, ಒಬ್ಬರು ಕೊಕ್ಕು ಹಿಡಿಯಲೇಬೇಕು. ಅವರು ಕಂಬಳಿಯ ಮೇಲೆ ಕೂತು ಅದನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದು ಕೈಯಲ್ಲಿ ಕೊಕ್ಕು ಹಿಡಿದರು, ಇನ್ನೊಂದರಲ್ಲಿ ಟವೆಲಿನಿಂದ ಕಣ್ಣು ಮುಚ್ಚಿದರು. ಮೊದಲನೆಯದು ನಿದ್ದೆಯ ಸೂಜಿ. ಮೊದಲ ಸಲ ಗುರಿ ತಪ್ಪಿ ಅವರ ಕೋಟಿಗೆ ಚುಚ್ಚಿದೆ.

"ನಂಗೂ ಚುಚ್ತೀರಾ ಅಂತ ನಾನು ಕೇಳಿದ್ದು ತಮಾಷೆಗೆ," ಎಂದರು.

ಎರಡನೇ ಸಲ ಸರಿಯಾಯಿತು. ಅವರು ಕೊಕ್ಕರೆಯ ತಲೆಯ ಹತ್ತಿರ ಬಾಗಿ, ಸಮುದ್ರಕ್ಕೆ ಹೋಗುವ ಗಾಡಿಯ ನಿಲ್ದಾಣಗಳನ್ನು ಒಂದೊಂದಾಗಿ ಹೇಳತೊಡಗಿದರು, ಪ್ರಕಟಣೆಯ ದನಿಯಲ್ಲಿ, ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆಂಬುದರ ಸಮೇತ. ಕೊಕ್ಕರೆಯ ಕತ್ತು ಅವರ ಮೊಣಕೈಯ ಮೇಲೆ ಭಾರವಾಯಿತು. ನಾನು ಎರಡನೇ ಸೂಜಿ ಕೊಟ್ಟು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಾದೆ.

"ಆಯ್ತು ಮಾಮ," ಎಂದೆ.

"ತಡೀರಿ, ಇನ್ನೂ ಎರಡು ಸ್ಟೇಷನ್ ಇದೆ."

ಅವನ್ನೂ ಹೇಳಿ ಮುಗಿಸಿದರು. ಕೊನೆಯದರಲ್ಲಿ ಎಲ್ಲರೂ ಇಳಿಯಬೇಕೆಂದೂ ಹೇಳಿದರು. ಆಮೇಲೆ ಕೊಕ್ಕು ಬಿಟ್ಟರು.

ಕೊಕ್ಕರೆಯನ್ನು ಟವೆಲಿನಲ್ಲಿ ಸುತ್ತಿ ಕಾರಿನಲ್ಲಿಟ್ಟು, ಕೈ ತೊಳೆಯಲು ಒಳಗೆ ಬಂದೆ. ಮಾಮ ಒಲೆಯ ಮುಂದೆ ನಿಂತಿದ್ದರು. ಪಕ್ಕದಲ್ಲಿ ಒಂದು ಬೋಗುಣಿಯ ತುಂಬ ಬೆರಳುದ್ದದ ಮೀನು. ಬೆಳಿಗ್ಗೆ ಎದ್ದು, ಅಭ್ಯಾಸಬಲದಿಂದ, ಕೊಕ್ಕರೆಗೆಂದು ಐಸಿನಿಂದ ತೆಗೆದು ಕರಗಲು ಇಟ್ಟುಬಿಟ್ಟಿದ್ದರಂತೆ.

"ಗೂಬೆ ಮೀನು ಮುಟ್ಟಲ್ಲ," ಎಂದರು. "ಮತ್ತೆ ಐಸಿಗೆ ಹಾಕಿದ್ರೆ ಕೆಡತ್ತೆ. ಕೂತ್ಕೊಳ್ಳಿ."

ಹಿಟ್ಟಿನಲ್ಲಿ ಹೊರಳಿಸಿ ಕರಿದರು. ಪ್ರಯಾಣಿಕರ ಬೆಂಚಿನ ಮೇಲೆ ಕೂತು ಇಬ್ಬರೂ ತಲೆ, ಬಾಲ ಸಮೇತ ತಿಂದೆವು. ಎಣ್ಣೆ ಬಿಸಿಯಿತ್ತು, ಹೊರಗೆ ಹಿಮ ಬೀಳುತ್ತಿತ್ತು, ನನಗೆ ಇಷ್ಟು ಹಸಿವಾಗಿತ್ತೆಂದು ಗೊತ್ತೇ ಇರಲಿಲ್ಲ.

"ಉಪ್ಪು ಹೇಗಿದೆ?" ಎಂದು ಕೇಳಿದರು.

"ಸ್ವಲ್ಪ ಜಾಸ್ತಿ ಆಯ್ತು ಮಾಮ."

"ಅದಕ್ಕೆ ಕೊಡೋವಾಗ ಉಪ್ಪು ಹಾಕ್ತಿರ್ಲಿಲ್ಲ," ಎಂದರು. "ಇಷ್ಟು ಮೀನಿಗೆ ಎಷ್ಟು ಅಂತ ಗೊತ್ತಾಗ್ಲಿಲ್ಲ."