ದೊಡ್ಡಸಿದ್ದಯ್ಯನ ಬಡಿತ

ಕೇರಿಯ ಹುಡುಗ ಪ್ರಸನ್ನನ ಹಾಡಿನ ಆಲ್ಬಂ ಬಂದಾಗ ಊರಲ್ಲಿ ಅದನ್ನು ಕೇಳದ ಕಿವಿ ಇರಲಿಲ್ಲ, ಕೇಳಿದೆ ಅಂತ ಒಪ್ಪಿಕೊಂಡ ಬಾಯಿಯೂ ಇರಲಿಲ್ಲ. ‘ಸರದಿ’ ಅಂತ ಅದರ ಹೆಸರು. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸು ಒಂದು ಗಳಿಗೆ ನಿಂತು ಮುಂದೆ ಹೋಗುವಂಥ ಊರು ಅದು. ಅಲ್ಲಿ ಗೌಡರ ಮನೆಯಲ್ಲಿ ಯಾರು ಸತ್ತರೂ ಕೇರಿಯಿಂದ ಒಬ್ಬ ಹೋಗಿ ಹೆಣದ ಮುಂದೆ ತಮಟೆ ಬಡಿಯಬೇಕು. ಯಾವ ಸಾವಿಗೆ ಯಾರು ಅನ್ನುವುದಕ್ಕೆ ಕೇರಿಯಲ್ಲಿ ಸರದಿ. ಬಡಿದವನ ಮನೆಗೆ ಒಂದು ಮೊರ ಭತ್ತ, ಅದರ ಮೇಲೊಂದು ಟವೆಲ್ಲು ಬರುತ್ತಿತ್ತು. ಗೌಡರು ಇದನ್ನು ಸಂಪ್ರದಾಯ ಅನ್ನುತ್ತಿದ್ದರು. ಹೋಗದವನು ಮಾರನೆಯ ದಿನದಿಂದ ಅವರ ಗದ್ದೆಯ ಬದುವಿನ ಮೇಲೂ ಕಾಲಿಡುವಂತಿರಲಿಲ್ಲ, ಅದಕ್ಕೆ ಏನನ್ನುತ್ತಿದ್ದರೋ ಗೊತ್ತಿಲ್ಲ.

ಪ್ರಸನ್ನನ ಅಪ್ಪ ದೊಡ್ಡಸಿದ್ದಯ್ಯನಂಥ ತಮಟೆಯವನು ಸುತ್ತಮುತ್ತ ಇರಲಿಲ್ಲ. ಒಮ್ಮೆ ದೊಡ್ಡಗೌಡ ಚಿಕ್ಕಬೋರಯ್ಯನ ಹೆಂಡತಿ ತೀರಿಕೊಂಡಾಗ ಅವನ ಸರದಿ ಬಂತು. ಮೈ ಕೆಂಡದಂಥ ಜ್ವರ. ಬಡಿದು ಬಡಿದು ಸಾಕಾಗಿ ಜಗಲಿಯ ಕೆಳಗೆ ಕುಕ್ಕರಿಸಿದ. ಚಿಕ್ಕಬೋರಯ್ಯ ಅವನ ತಮಟೆ ಕೋಲನ್ನೇ ಕಿತ್ತುಕೊಂಡು ಎಡಗೈ ಮೇಲೆ ಬಾರಿಸಿದ. ಒಂದು ಬೆರಳು ಮುರಿಯಿತು, ಮತ್ತೆ ನೆಟ್ಟಗಾಗಲಿಲ್ಲ. ಅಂದಿನಿಂದ ಸಿದ್ದಯ್ಯನ ಬಡಿತದಲ್ಲಿ ಎಡಗೈ ಕಡ್ಡಿಯ ಏಟು ಒಂಚೂರು ತಡವಾಗಿ, ಕುಂಟುತ್ತಾ ಬೀಳತೊಡಗಿತು.

“ಆ ಮನೆ ಬಾಗ್ಲಲ್ಲಿ ನನ್ ತಮಟೆ ಇನ್ ನುಡಿಯಾಕಿಲ್ಲ ಕಣ್ಲಾ, ನಾನ್ ಸತ್ರೂ ಸೈ” ಅಂದವನು ಮಾತು ತಪ್ಪಲಿಲ್ಲ. ಊರಲ್ಲಿ ಅವನಿಗೆ ಕೂಲಿ ಹುಟ್ಟಲಿಲ್ಲ. ಹೆಂಡತಿ ದೇವಿರಮ್ಮ ಮದ್ದೂರಿನ ಗಾರ್ಮೆಂಟ್ಸಿಗೆ ಹೋಗಿ ಮನೆ ನಡೆಸಿದಳು. ಅದೊಂದು ಮಾತು ಉಳಿಸಿಕೊಳ್ಳಲು ಆ ಮನೆ ಏನೇನು ಕಳೆದುಕೊಂಡಿತು ಅನ್ನುವುದು ಪ್ರಸನ್ನನಿಗೆ ಗೊತ್ತಿತ್ತು. ಗೊತ್ತಿದ್ದೇ ಆಲ್ಬಂ ಮಾಡಿದ್ದು.

ಮಂಡ್ಯದಲ್ಲಿ ಗೆಳೆಯನ ರೂಮಿನ ಗೋಡೆಗೆಲ್ಲ ಕಂಬಳಿ ನೇತುಹಾಕಿ ಅಪ್ಪನ ಬಡಿತ ರೆಕಾರ್ಡ್ ಮಾಡಿಕೊಂಡ. ಸಿದ್ದಯ್ಯ ತಮಟೆಯನ್ನು ಬೆಂಕಿಗೆ ಕಾಯಿಸಿ ಹದ ಮಾಡಿ, “ಯಾರ್ ಸತ್ತವ್ರೆ ಅಂತ ಬಡೀಲಿ?” ಅಂತ ನಕ್ಕ. “ಯಾರೂ ಇಲ್ಲ ಕಣಪ್ಪ, ನನಗೋಸ್ಕರ ಬಡಿ” ಅಂದ ಮಗ. ಅದೇ ಕೊನೆ. ಆಲ್ಬಂ ಹೊರಗೆ ಬರುವ ಹೊತ್ತಿಗೆ ಸಿದ್ದಯ್ಯ ಮಣ್ಣಾಗಿದ್ದ.

*ನಿಮ್ಮ ಸಾವಿಗೆ ನಮ್ಮ ಸರದಿ, ನಮ್ಮ ಸಾವಿಗೆ ಯಾರದು?*
*ನಿಮ್ಮ ಚಟ್ಟ ಎದ್ದಾಗೆಲ್ಲ ಬೆಂದ ಚರ್ಮ ನಮ್ಮದು!*

ಈ ಹಾಡಿನ ಬಗ್ಗೆ ಬೆಂಗಳೂರಿನ ಪೇಪರಿನವರು ಬರೆದರು. ಮಂಡ್ಯದ ಕಾಲೇಜೊಂದರಲ್ಲಿ ಶಾಲು ಹೊದಿಸಿದರು. ಊರಿನ ಗೌಡರು ಕಂಪ್ಲೇಂಟ್ ಕೊಟ್ಟರು. ಠಾಣೆಯಲ್ಲಿ ಪ್ರಸನ್ನನನ್ನು ಬೆಳಗಿನಿಂದ ಬೆಂಚಿನ ಮೇಲೆ ಕೂರಿಸಿ, “ಜಾತಿ ಜಾತಿ ಮಧ್ಯೆ ಬೆಂಕಿ ಹಚ್ತೀಯೇನಲೇ?” ಅಂತ ಕೇಳಿ, ಹಾಡಿನ ಒಂದೊಂದು ಮಾತಿಗೂ ವಿವರಣೆ ಬರೆಸಿಕೊಂಡರು. ಆಮೇಲೆ ಮಿಕ್ಸಿಂಗ್ ಮಾಡಿದ್ದ ಹುಡುಗ ಒಂದು ಉಪಾಯ ಹೇಳಿದ. “ಮಾತು ತೆಗೆದು ಬರೀ ಬೀಟ್ ಬಿಡು. ಬೀಟ್ ಮೇಲೆ ಯಾವನೂ ಕೇಸ್ ಹಾಕಕ್ಕಾಗಲ್ಲ. ರೀಲ್ಸಿಗೂ ಓಡತ್ತೆ.”

ಅಪ್ಪನ ಕೈಯನ್ನು ನಾಡೆಲ್ಲ ಕೇಳಲಿ, ಯಾರು ಬೇಕಾದರೂ ಬಳಸಲಿ ಅಂತ ಪ್ರಸನ್ನ ಬಿಟ್ಟ. ನಿಜಕ್ಕೂ ಓಡಿತು. ಹಾಡು ಕೇಳಿದವರಿಗಿಂತ ಬೀಟಿಗೆ ಕುಣಿದವರೇ ಹೆಚ್ಚು. ‘ಬೆಂಕಿ ಗುರು’ ಅಂತ ಕಾಮೆಂಟ್ ಹಾಕಿದವರಿಗೆ ಆ ಬೆಂಕಿ ಯಾವುದು ಅಂತ ಕೇಳುವ ದರ್ದೇ ಇರಲಿಲ್ಲ. ಮೊದಲು ಶೇರ್ ಮಾಡಿದವರಲ್ಲಿ ರಘುನಂದನ್ ಒಬ್ಬ. ಚಿಕ್ಕಬೋರಯ್ಯನ ಮೊಮ್ಮಗ, ಪ್ರಸನ್ನನ ಜೊತೆ ಹೈಸ್ಕೂಲು ಓದಿದವನು.

ಸಂಕ್ರಾಂತಿ ಕಳೆದ ಮೇಲೆ ಚಿಕ್ಕಬೋರಯ್ಯ ಸತ್ತ. ಗೌಡರ ಮನೆಯಿಂದ ಕೇರಿಗೆ ಆಳು ಬಂತು. ಯಾರೂ ಏಳಲಿಲ್ಲ. ಹಾಡು ಕೇಳಿ ಕೇಳಿ ಬಾಯಿಪಾಠ ಆಗಿದ್ದ ಹುಡುಗರು, “ಸರದಿ ಮುಗೀತು ಅಂತ ಯೋಳೋಗು” ಅಂತ ಬಂದವನನ್ನು ವಾಪಸ್ಸು ಕಳಿಸಿದರು. ಪ್ರಸನ್ನನ ಎದೆ ಉಬ್ಬಿತು. ಪೇಪರು, ಶಾಲು ಎಲ್ಲಾ ಒಂದು ಕಡೆ, ಇದೊಂದು ಕಡೆ ಅನ್ನಿಸಿತು. ಅಪ್ಪ ಇರಬೇಕಿತ್ತು ಅಂತ ಕಣ್ಣು ತುಂಬಿತು.

ಮಧ್ಯಾಹ್ನದ ಹೊತ್ತಿಗೆ ಗೌಡರ ಬೀದಿಯಿಂದ ತಮಟೆ ಕೇಳಿಸಿತು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಇಲ್ಲೇ ಇದ್ದಾರಲ್ಲ! ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ದೇವಿರಮ್ಮನ ಕೈ ನಿಂತಿತು.

“ಪ್ರಸನ್ನ, ಇದು ನಿಮ್ಮಪ್ಪುನ್ ಕೈ ಅಲ್ವೇನ್ಲಾ?”

ಹೌದು. ಎಡಗೈಯ ಏಟು ಒಂಚೂರು ತಡವಾಗಿ, ಕುಂಟುತ್ತಾ ಬೀಳುತ್ತಿತ್ತು. ಪ್ರಸನ್ನ ಓಡಿದ. ಕಬ್ಬು ಹೊಡೆಯುವ ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರುಗಳು, ಹಿಂದೆ ಹೂವಿನ ಚಟ್ಟ, ಮುಂದೆ ಕುಣಿಯುವ ಗೌಡರ ಹುಡುಗರು. ಬೆರಳು ಮುರಿದವನ ಹೆಣದ ಮುಂದೆ ಮುರಿದ ಬೆರಳೇ ಬಡಿಯುತ್ತಿತ್ತು. ರಘುನಂದನ್ ಬಂದು ತಬ್ಬಿಕೊಂಡ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು.

“ಬೇರೆ ಯಾವ ಬೀಟೂ ಬ್ಯಾಡ ಅಂದೆ ಮಗಾ. ನಮ್ ತಾತಂಗೆ ನಿಂದೇ ಆಗ್ಬೇಕು ಅಂದೆ.”

ಪ್ರಸನ್ನ ಬೈಯಲು ಬಾಯಿ ತೆರೆದ. ಇವನೇನು ಕದ್ದಿದ್ದನೇ? ಯಾರು ಬೇಕಾದರೂ ತಗೊಳ್ಳಿ ಅಂತ ಬಿಟ್ಟವನು ತಾನೇ.

ತಿಥಿ ಮುಗಿದ ಮೇಲೆ ರಘುನಂದನನ ಅಪ್ಪ ಪುಟ್ಟಸ್ವಾಮಿ ಖುದ್ದಾಗಿ ಕೇರಿಗೆ ಬಂದ. ಹಿಂದೆ ಬಂದ ಆಳು ಮೊರವನ್ನು ಜಗಲಿ ಮೇಲೆ ಇಳಿಸಿದ. ಅದರ ತುಂಬ ಭತ್ತ, ಮೇಲೊಂದು ಹೊಸ ಟವೆಲ್ಲು.

“ಏನ್ ಗೌಡ್ರೆ ಇದು?” ಅಂದಳು ದೇವಿರಮ್ಮ.

“ನಿಮ್ದೇ ಕಣಮ್ಮ. ಬಡ್ದೋರ್ಗೆ ಕೊಡ್ದೆ ಇದ್ರೆ ನಮ್ಮಪ್ಪಂಗೆ ಒಳ್ಳೇದಾಗಾಕಿಲ್ಲ.”

“ಬಡ್ದೋನು ಸತ್ತವ್ನೆ.”

“ಅದೇ ಕಣಮ್ಮ ನಾನೂ ಯೋಳದು. ಏನೋ ಸಿಟ್ಟು ಮಾಡ್ಕೊಂಡಿದ್ದ. ಸತ್ರೂವೆ ನಮ್ಮನೆ ಬುಡ್ನಿಲ್ಲ ನೋಡು, ಸರದಿ ಉಳುಸ್ಕೊಂಡ. ದೊಡ್ಡ ಮನ್ಸ ಸಿದ್ದಯ್ಯ.”

“ವಾಪಸ್ ತಗೊಂಡ್ ಹೋಗಿ” ಅಂತ ಪ್ರಸನ್ನ ಕಿರುಚಿದ. ಕೊಟ್ಟಿದ್ದನ್ನು ವಾಪಸ್ಸು ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ ಅಂತ ಪುಟ್ಟಸ್ವಾಮಿ ಮೆಲ್ಲಗೆ ಹೇಳಿ, ದೇವಿರಮ್ಮನಿಗೆ ಕೈಮುಗಿದು ಹೊರಟ. ಆ ಮನೆಯವರು ಕೇರಿಯಲ್ಲಿ ಯಾರಿಗೂ ಕೈಮುಗಿದವರಲ್ಲ.

ಪ್ರಸನ್ನ ಫೋನು ತೆಗೆದು ಬೀಟನ್ನು ಅಳಿಸಿದ. ಅಷ್ಟರಲ್ಲಿ ಬಸ್‌ಸ್ಟಾಪಿನ ಕಡೆ ಯಾರದೋ ಫೋನು ರಿಂಗಾಯಿತು. ಅದೇ ಬಡಿತ.

ದೇವಿರಮ್ಮ ಅಳಲಿಲ್ಲ. ಟವೆಲ್ಲನ್ನು ಎತ್ತಿ ಮಗನ ಹೆಗಲ ಮೇಲೆ ಹಾಕಿದಳು.

“ನಿಮ್ಮಪ್ಪ ಬೆರಳ್ ಮುರುಸ್ಕೊಂಡು ಬುಟ್ಟಿದ್ದ ಕೆಲ್ಸನ, ನೀನು ಒಂದ್ ಬೆರಳಲ್ಲಿ ಒತ್ತಿ ವಾಪಸ್ ಕೊಡ್ಸಿದಲ್ಲೊ” ಅಂದು ಒಳಗೆ ಹೋದಳು.

ಊರಿಗೆಲ್ಲ ಮಾತು ಹೇಳಿದವನು ಟವೆಲ್ಲು ಹೊದ್ದುಕೊಂಡು ಮೊರದ ಮುಂದೆ ನಿಂತಿದ್ದ.